ಬಿಡದ ನೀಲಿ

ಸತ್ತವನ ಉಗುರಿನ ಬಣ್ಣಕ್ಕಿಂತ ಘನವಾದ ಪ್ರಶ್ನೆ ಲೋಕದಲ್ಲಿ ಇಲ್ಲವೆಂಬಂತೆ ಹೆಂಡತಿ ಬೆಳಗಿನಿಂದ ಗಂಡನ ಕೈ ಉಜ್ಜುತ್ತಿದ್ದಳು. ಸೋಪು ಸೋತಿತು, ಸೀಮೆಎಣ್ಣೆಯೂ ಸೋತಿತು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಆಯುಷ್ಯ ಸವೆಸಿದವನ ಉಗುರು ನೀಲಿಯಾಗಿಯೇ ಉಳಿಯಿತು.

"ಬಿಡಕ್ಕ, ಹೋಗೋ ಕಡೆ ಯಾರು ಕೈ ತೋರ್ಸು ಅಂತಾರೆ?" ಎಂದಳು ಪಕ್ಕದ ಮನೆಯವಳು.

ಹೆಂಡತಿಯ ಕಣ್ಣು ಹೊಸ್ತಿಲ ಮೇಲಿತ್ತು. ಮೈದುನ ಬಂದಿದ್ದ, ಒಳಗೆ ಬಂದಿರಲಿಲ್ಲ. ಹೊಸ್ತಿಲಲ್ಲೇ ಬೀದಿಗೆ ಮುಖ ಮಾಡಿ ಕೂತಿದ್ದ. ಹೆಗಲು ಕೊಡಲು ಮೂರು ಜನ ಸಿಕ್ಕಿದ್ದರು. ನಾಲ್ಕನೆಯದು ಅವನದೇ ಆಗಲಿ, ಮಣ್ಣಿಗೆ ಹೋಗುವ ಮೊದಲಾದರೂ ಅಣ್ಣತಮ್ಮಂದಿರು ಒಂದಾಗಲಿ ಎಂಬುದೊಂದೇ ಅವಳ ಆಸೆ.

*

ಹಿಂದೊಮ್ಮೆ, ಮುಷ್ಕರದ ದಿನ, ಕಾರ್ಖಾನೆಯ ಗೇಟಿಗೆ ತಮ್ಮ ಅಡ್ಡ ಮಲಗಿದ್ದ. ಕೆಲಸಕ್ಕೆ ಹೋಗುವವರು ತನ್ನನ್ನು ದಾಟಿಯೇ ಹೋಗಲಿ ಎಂದಿದ್ದ. ಯಾರೂ ದಾಟಲಿಲ್ಲ. ಅಣ್ಣ ಊಟದ ಡಬ್ಬಿಯನ್ನು ಕಂಕುಳಿಗೆ ಸಿಕ್ಕಿಸಿ, ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ದಾಟಿದ. ಚಪ್ಪಲಿ ಕಳಚಿದ್ದು ಮರ್ಯಾದೆಗೆ.

ಮುಷ್ಕರ ಮುರಿಯಿತು. ತಮ್ಮನ ಕೆಲಸ ಹೋಯಿತು.

"ಬಣ್ಣದ ತೊಟ್ಟಿಗೆ ಬಟ್ಟೆ ಇಳಿಸಿ ಬಂದಿದ್ದೆ ಕಣೇ. ಎತ್ತದಿದ್ರೆ ಹಾಳಾಗ್ತಿತ್ತು" ಎಂದು ಅಣ್ಣ ಹೆಂಡತಿಗೆ ಹೇಳಿದ. ತಮ್ಮನಿಗೆ ಅದನ್ನೂ ಹೇಳಲಿಲ್ಲ.

*

ಮ್ಯಾನೇಜರ್ ಹಾರ ತಂದ. ಅದಕ್ಕೆ ಕಾರ್ಖಾನೆಯದೇ ನೀಲಿ ಬಟ್ಟೆಯ ಪಟ್ಟಿ, ಮೇಲೆ ಇಂಗ್ಲಿಷಿನಲ್ಲಿ ಚಿನ್ನದ ಬಣ್ಣದ ಅಕ್ಷರ. ಏನೆಂದು ಅವಳು ಕೇಳಿದಳು.

"ಟ್ರೂ ಬ್ಲೂ ಅಂತಮ್ಮ, ಅಪ್ಪಟ ನೀಲಿ. ಕೊನೇತನಕ ನಿಯತ್ತಾಗಿದ್ದವರಿಗೆ ಹಾಗಂತಾರೆ. ಹಿಂದೆ ಇಂಗ್ಲಿಷರ ಯಾವುದೋ ಊರಲ್ಲಿ ನೀಲಿ ಬಟ್ಟೆ ಎಷ್ಟು ಒಗೆದ್ರೂ ಬಣ್ಣ ಬಿಡ್ತಿರಲಿಲ್ವಂತೆ. ಅಲ್ಲಿಂದ ಬಂದ ಮಾತು."

ಮೈದುನ ತಿರುಗದೆಯೇ ಹೇಳಿದ: "ಎಷ್ಟು ಹಿಂಡಿದ್ರೂ ಬಿಡ್ಲಿಲ್ಲ ಅಂತ ಹೊಗಳ್ತಿದಾರೆ, ಅತ್ತಿಗೆ. ಇಸ್ಕೊಳ್ಳಿ."

ಹಾರವನ್ನು ಹೆಣದ ಎದೆಯ ಮೇಲಿಟ್ಟರು. ಹೂವಿಗೆ ಚಿಮುಕಿಸಿದ್ದ ನೀರು ಪಟ್ಟಿಗಿಳಿಯಿತು. ಪಟ್ಟಿಯ ನೀಲಿ ಬಿಳಿ ಹೊದಿಕೆಗಿಳಿಯಿತು. ಗಂಡ ಹಾಸಿಗೆ ಹಿಡಿದ ಮೇಲೆ ತೊಟ್ಟಿಗೆ ಬಂದ ಹೊಸಬರು ಹಾಕಿದ ಬಣ್ಣ ಅದು. ಮ್ಯಾನೇಜರ್ ಕರವಸ್ತ್ರ ಒತ್ತಿದ. ಕರವಸ್ತ್ರವೂ ನೀಲಿಯಾಯಿತು.

ಆಗ ಮೈದುನ ಎದ್ದು ಒಳಗೆ ಬಂದ. ಪಟ್ಟಿಯನ್ನು ಬೆರಳಲ್ಲಿ ತಿಕ್ಕಿ ನೋಡಿದ. "ಇದು ನಮ್ಮಣ್ಣ ಹಾಕಿದ ಬಣ್ಣ ಅಲ್ಲ" ಎಂದು ಹಾರವನ್ನು ಎತ್ತಿ ಮ್ಯಾನೇಜರನ ಕೈಗಿಟ್ಟ.

ಅವಳ ಎದೆ ಹಗುರಾಯಿತು. "ಹೆಗಲು ಕೊಡಪ್ಪ" ಎಂದಳು.

ಅವನು ಅಣ್ಣನ ಉಗುರುಗಳನ್ನೇ ನೋಡುತ್ತ ನಿಂತ.

"ದಾರಿ ಬಿಡ್ತೀನಿ, ಅತ್ತಿಗೆ. ಈ ಸಲ ನನ್ನ ದಾಟೋ ಕಷ್ಟ ಬೇಡ ಅವನಿಗೆ."

ಹೊರಗೆ ಹೋಗಿ, ಕಳಚಿಟ್ಟಿದ್ದ ಚಪ್ಪಲಿಯನ್ನು ಮೆಟ್ಟದೆ ಕೈಯಲ್ಲಿ ಹಿಡಿದು, ಗೋಡೆಗೆ ಒತ್ತಿಕೊಂಡು ನಿಂತ. ನಾಲ್ಕನೆಯ ಹೆಗಲನ್ನು ಹೆಣ ಸಾಗಿಸಲು ಬಂದಿದ್ದ ವ್ಯಾನಿನ ಡ್ರೈವರ್ ಕೊಟ್ಟ.