ಅಗಲವಾದ ಅಲೆಗಳು

"ಸ್ವಲ್ಪ ಓರೆ ಮಾಡಿ, ತಲೆ ಗೋಡೆಗೆ ತಾಗುತ್ತೆ," ಎಂದಳು ಅವಳು ಮೇಲಿನ ಮೆಟ್ಟಿಲಿನಿಂದ.

ಕೆಳಗಿನ ತಿರುವಿನಲ್ಲಿ ಬಸ್ ಡ್ರೈವರುಗಳು ಅವಳ ಗಂಡನ ಶವ ಹೊತ್ತು ಬೆವರುತ್ತಿದ್ದರು.

"ಇವನಷ್ಟು ಸಲೀಸಾಗಿ ತಿರುವು ತೆಗೆಯೋನು ಡಿಪೋದಲ್ಲಿ ಇನ್ನೊಬ್ಬ ಇರಲಿಲ್ಲ," ಎಂದ ಕುಳ್ಳ ಡ್ರೈವರ್, ಏದುಸಿರು ಬಿಡುತ್ತ. "ಇವತ್ತು ನೋಡಿ, ನಮ್ಮನ್ನ ಹೇಗೆ ಒದ್ದಾಡಿಸ್ತಾನೆ."

ಗಂಡನ ಅಕ್ಕನಿಗೆ ಅಳುವಿನ ನಡುವೆಯೂ ನಗು ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಅಂಗಳದಲ್ಲಿ ಇಳಿಸುವ ಹೊತ್ತಿಗೆ ಹೃದಯದ ಡಾಕ್ಟರು ಊರುಗೋಲು ಊರಿಕೊಂಡು ಬಂದರು. ಅವರ ಆಸ್ಪತ್ರೆಯಲ್ಲೇ ಅವಳು ನಿವೃತ್ತಿಯವರೆಗೆ ಇಸಿಜಿ ತೆಗೆಯುತ್ತಿದ್ದವಳು.

"ಹೇಗಾಯ್ತಮ್ಮ?"

"ಊಟ ಮಾಡಿ ಪೇಪರ್ ಓದ್ತಾ ಕೂತಿದ್ರು. ಟೀ ತಂದಿಟ್ಟೆ, ಆರಿಹೋದರೂ ಮುಟ್ಟಲಿಲ್ಲ. ಕನ್ನಡಕ ಮೂಗಿನ ಮೇಲೆ ಹಾಗೇ ಇತ್ತು."

*

ಗಂಡನ ಹೃದಯದ ಆಪರೇಷನ್ ಆಗಿ ಇಪ್ಪತ್ತು ವರ್ಷ ದಾಟಿತ್ತು. ಆಪರೇಷನ್ ಆದ ಮೇಲೆ ಅವಳು ತೆಗೆದ ಮೊದಲ ಇಸಿಜಿಯ ಮೇಲೆ ಡಾಕ್ಟರು ಬೆರಳಿಟ್ಟಿದ್ದರು.

"ಈ ಅಲೆ ಇಷ್ಟು ಅಗಲ ಇರಬಾರದು. ಹೃದಯದೊಳಗೆ ವಿದ್ಯುತ್ ಹರಡೋಕೆ ತಡ ಆಗ್ತಿದೆ. ಹೀಗಿದ್ದವರಲ್ಲಿ ಬಹಳ ಜನ ಐದಾರು ವರ್ಷ ದಾಟಲ್ಲ. ಆದ್ರೆ ಅದು ಗುಂಪಿನ ಲೆಕ್ಕ ಕಣಪ್ಪ, ನಿನ್ನ ಜಾತಕ ಅಲ್ಲ."

"ಅಂದ್ರೆ ನನ್ನ ಸಿಗ್ನಲ್ ಹಸಿರಾಗೋದು ಸ್ವಲ್ಪ ಲೇಟು," ಎಂದಿದ್ದ ಅವನು.

ಡಾಕ್ಟರು ಆಚೆ ಹೋದ ಮೇಲೆ ಅವಳು ಅವನ ಎದೆಯ ಮೇಲಿನ ತಂತಿಗಳನ್ನು ಬಿಡಿಸತೊಡಗಿದಳು. ಅವನು ಛಾವಣಿ ನೋಡುತ್ತಲೇ ಮಾತು ತೆಗೆದ.

"ನಿಮ್ಮನ್ನ ಮದುವೆ ಆಗ್ತೀರಾ ಅಂತ ಕೇಳೋಕೆ ಒಳ್ಳೇ ಟೈಮ್ ಬರಲಿ ಅಂತಿದ್ದೆ. ಇನ್ನು ಕಾಯೋ ಹಾಗಿಲ್ಲವಲ್ಲ."

ಅವಳ ಕೈ ನಿಂತಿತು. ಆ ಅಲೆಯ ಅರ್ಥ ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

"ನನ್ನ ಮೊದಲ ಗಂಡನ ಜೊತೆ ಹದಿನೈದು ವರ್ಷ ಬಾಳಿದೆ," ಎಂದಳು ಕೊನೆಗೆ. "ನಕ್ಕು ಮಾತಾಡಿದ ದಿನ ಬೆರಳಲ್ಲಿ ಎಣಿಸಬಹುದು. ನೀವು ಐದೇ ವರ್ಷ ಇರಿ, ಪರವಾಗಿಲ್ಲ. ಮಾತಾಡ್ತಾ ಇರಿ."

ಸುದ್ದಿ ಕೇಳಿ ಅವನ ಅಕ್ಕ ಅವಳ ಬಳಿ ಓಡಿ ಬಂದಿದ್ದಳು. "ಕಣ್ಣಿದ್ದೂ ಬಾವಿಗೆ ಬೀಳ್ತೀಯಾ?"

"ಆಳ ನೋಡಿಯೇ ಇಳೀತಿದೀನಿ ಅಕ್ಕ."

ಮದುವೆಯಾದ ಮೇಲೆ ಅವಳು ಕೇಳಿದ್ದನ್ನು ಅವನು ನಡೆಸಿಕೊಟ್ಟ. ತರಕಾರಿ ಹೆಚ್ಚುತ್ತ, ಬಟ್ಟೆ ಹಿಂಡುತ್ತ, ನಿದ್ದೆಗಣ್ಣಲ್ಲೂ ಮಾತಾಡಿದ. ತಲೆ ಚಿಟ್ಟು ಹಿಡಿದು ಅವಳು ಕಿವಿಗೆ ಹತ್ತಿ ಇಟ್ಟುಕೊಂಡ ದಿನಗಳೂ ಇದ್ದವು.

*

"ನನ್ನ ಲೆಕ್ಕ ತಪ್ಪಿತಮ್ಮ," ಎಂದರು ಡಾಕ್ಟರು, ಶವದ ಮುಖವನ್ನೇ ನೋಡುತ್ತ. "ಆ ಗುಂಪಿನಲ್ಲಿ ಬಹಳ ಜನ ಹೋದರು. ಇವನು ಹೇಗೆ ಉಳಿದನೋ."

"ತಪ್ಪಿದ್ದೇ ಒಳ್ಳೇದಾಯ್ತು. ಇಪ್ಪತ್ತು ವರ್ಷ ಅಂತ ನೀವು ಅವತ್ತೇ ಹೇಳಿದ್ದಿದ್ರೆ, ಈ ಮನುಷ್ಯ ಒಳ್ಳೇ ಟೈಮಿಗೆ ಇನ್ನೂ ಕಾಯ್ತಾ ಇರ್ತಿದ್ರು."

ಡಾಕ್ಟರು ಮುಗುಳ್ನಕ್ಕು ಕಣ್ಣೊರೆಸಿಕೊಂಡರು.

ಎಲ್ಲ ಮುಗಿಸಿ ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಅಕ್ಕ ಅವಳನ್ನು ಬಲವಂತವಾಗಿ ಮಲಗಿಸಿ ಪಕ್ಕದಲ್ಲೇ ಒರಗಿಕೊಂಡಳು. ಅವಳಿಗೆ ಕಣ್ಣು ಹತ್ತಿದ ಕೂಡಲೇ ಅವಳ ಕೈ ಇಪ್ಪತ್ತು ವರ್ಷದ ರೂಢಿಯಂತೆ ತಾನಾಗಿ ಸರಿದು ಬಂದು ಅಕ್ಕನ ಎದೆಯ ಎಡಭಾಗವನ್ನು ಹುಡುಕಿ ಅಲ್ಲಿ ನಿಂತಿತು. ಅಕ್ಕ ಅಲುಗಾಡಲಿಲ್ಲ. ಆ ಅಂಗೈ ಮೇಲೆ ತನ್ನ ಕೈ ಇಟ್ಟು, ಉಸಿರು ನಿಧಾನ ಮಾಡಿಕೊಂಡಳು.