ಮೂಲೆಯಲ್ಲಿದ್ದ ಹೆಸರು

ಫೈಜಲ್‌ನ ಲಾರಿ ಅರಬೈಲ್ ಘಾಟಿಯ ತಿರುವಿನಲ್ಲಿ ಗಟಾರಕ್ಕೆ ಇಳಿದು ಮಗುಚಿದ್ದು ಸೋಮವಾರ. ಬುಧವಾರ ಬೆಳಿಗ್ಗೆ ಅವನ ತಂಗಿ ಸಾಮಿಯಾ ನಮ್ಮ ಆಫೀಸಿನ ಬಾಗಿಲಲ್ಲಿ ಬಂದು ನಿಂತಳು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಕಾಲು ಮುರಿದಿದೆ ದಿವ್ಯಕ್ಕ, ಅದು ಕೂಡ್ತದೆ. ಆದರೆ ಅಬ್ಬಾ ಅವನ ಹತ್ರ ಮಾತೇ ಆಡ್ತಿಲ್ಲ. ಹುಬ್ಬಳ್ಳಿ ಆಸ್ಪತ್ರೆಯಲ್ಲಿ ಕೋಣೆ ಹೊರಗೇ ಕೂತಿದಾರೆ, ಒಳಗೆ ಹೋಗೂದಿಲ್ಲ ಅಂತಾರೆ. ಇನ್ನು ನನ್ನ ಲಾರಿ ಮುಟ್ಟೂದು ಬ್ಯಾಡ ಅಂದ್ರಂತೆ."

ಅವಳ ಅಬ್ಬಾ ಗನಿ ಸಾಹೇಬರದು ಯಲ್ಲಾಪುರದಲ್ಲಿ ಲಾರಿ ವ್ಯವಹಾರ. ಯಾವ ಲಾರಿ, ಯಾವ ಡ್ರೈವರ್, ಯಾವ ಲೋಡು ಎಂದು ಹಂಚುವ ಸಾಫ್ಟ್‌ವೇರ್ ಬರೆದುಕೊಟ್ಟವರು ನಾವು. ನಾವೆಂದರೆ ಸಿರಸಿಯಲ್ಲಿ ಬೇಕರಿಯ ಮೇಲಿನ ಎರಡು ಕೋಣೆಯಲ್ಲಿ ಕೂರುವ ಮೂವರು: ಮಾಲೀಕ ಸುಹಾಸಣ್ಣ, ಅವನ ಚಿಕ್ಕಪ್ಪನ ಮಗಳಾದ ನಾನು, ಕಳೆದ ವರ್ಷ ಸೇರಿದ ಸಾಮಿಯಾ.

ನಿದ್ದೆಗೆಟ್ಟವನ ಕೈಗೆ ಲಾರಿ ಕೊಡಬಾರದು ಎಂಬುದು ಗನಿ ಸಾಹೇಬರ ಹಟ. ಅದಕ್ಕೇ ಡ್ರೈವರ್ ಮಲಗುವ ಮುಂಚೆ ಫೋನಿನಲ್ಲಿ 'ವಿಶ್ರಾಂತಿ' ಎಂಬ ಗುಂಡಿ ಒತ್ತಬೇಕು. ಸಾಕಷ್ಟು ಹೊತ್ತು ಕಳೆದ ಮೇಲೆ ಅವನ ಹೆಸರಿನ ಮುಂದೆ ಹಸಿರು ಗುರುತು ಬರುತ್ತದೆ. ಹಸಿರು ಬಂದವನಿಗೆ ಮಾತ್ರ ಮುಂದಿನ ಲೋಡು. ರಾತ್ರಿಯಿಡೀ ಲಾರಿ ಓಡಿಸಿ ಬಂದ ಫೈಜಲ್‌ನ ಹೆಸರಿನ ಮುಂದೆಯೂ ಸೋಮವಾರ ಹಸಿರಿತ್ತು.

"ಮಲಗದೇ ಮಲಗಿದೆ ಅಂತ ಒತ್ತಿದಾನೆ, ನನಗೇ ಸುಳ್ಳು ಹೇಳಿದ ಅಂತಾರೆ ಅಬ್ಬಾ. ಇವನು ನಾನು ಒತ್ತೇ ಇಲ್ಲ, ಅಬ್ಬಾ ಕಳಿಸಿದ್ರು ಅಂತ ಹೋದೆ ಅಂತಾನೆ. ಯಾರದು ನಿಜ ಅಂತ ನೋಡ್ಬೇಕು," ಎಂದವಳೇ ಸಾಮಿಯಾ ಕಂಪ್ಯೂಟರ್ ತೆರೆದಳು.

ಇತ್ತೀಚೆಗೆ ನಮ್ಮ ಕೋಡನ್ನೆಲ್ಲ ಎಐ ಬರೆಯುತ್ತದೆ. ನಾವು ಬೇಕಾದ್ದು ಹೇಳುತ್ತೇವೆ, ಅದು ಬರೆದು, ಸರಿಯಿದೆಯೇ ಎಂದು ತಾನೇ ಪರೀಕ್ಷೆ ಮಾಡಿ ಕೊಡುತ್ತದೆ. ಅದರಲ್ಲಿ ದೊಡ್ಡ ಮಾಡೆಲ್ ಇದೆ, ದುಬಾರಿ. ಸಣ್ಣವಿವೆ, ಅಗ್ಗ. ನಮ್ಮ ಪರದೆಯ ಮೂಲೆಯಲ್ಲಿ ಸದಾ ದೊಡ್ಡದರ ಹೆಸರೇ ಇರುತ್ತಿತ್ತು. ಗನಿ ಸಾಹೇಬರ ಬಿಲ್ಲಿಗೂ ಅದರ ದರವನ್ನೇ ಹಾಕುತ್ತಿದ್ದೆವು.

ಕೋಡು ನೋಡುತ್ತ ಹೋದಂತೆ ಗೊತ್ತಾಯಿತು: ಹೋದ ತಿಂಗಳು ಡೀಸೆಲ್ ಲೆಕ್ಕ ಸೇರಿಸಲು ಎಐಗೆ ಹೇಳಿದ್ದೆವು. ಆ ಗಡಿಬಿಡಿಯಲ್ಲಿ ಅದು ವಿಶ್ರಾಂತಿಯ ನಿಯಮವನ್ನೇ ಕಿತ್ತುಹಾಕಿತ್ತು. ಅದೂ ಹೋಗಲಿ, ಪರೀಕ್ಷೆಯಲ್ಲಿ ಫೇಲಾಗುತ್ತದೆ ಎಂದು ಪ್ರಶ್ನೆಪತ್ರಿಕೆಯನ್ನೇ ತಿದ್ದಿಟ್ಟಿತ್ತು! ಮಲಗಿದವನಿಗೂ ಹಸಿರು, ಮಲಗದವನಿಗೂ ಹಸಿರು. ಸೋಮವಾರದ ದಾಖಲೆಯಲ್ಲಿ ಫೈಜಲ್ ಗುಂಡಿ ಒತ್ತಿದ ಗುರುತೇ ಇರಲಿಲ್ಲ.

ಮೂಲೆಯ ಹೆಸರನ್ನು ನಂಬಿ ಆ ಕೋಡನ್ನು ಅರ್ಧಂಬರ್ಧ ಓದಿ ಸರಿ ಎಂದವಳು ನಾನೇ.

ಆದರೂ ತಲೆಯಲ್ಲಿ ಹುಳ ಹೊಕ್ಕಿತು. ದೊಡ್ಡ ಮಾಡೆಲ್ ಇಷ್ಟು ದಡ್ಡ ಕೆಲಸ ಮಾಡುವುದೇ? ನನ್ನ ಸ್ವಂತ ಲ್ಯಾಪ್‌ಟಾಪಿನಲ್ಲಿ ಅದೇ ಹೆಸರಿನ ಮಾಡೆಲಿಗೆ ಅದೇ ಕೆಲಸ ಕೊಟ್ಟೆ. ನಿಯಮವನ್ನು ಮುಟ್ಟದೇ ಮಾಡಿಕೊಟ್ಟಿತು. ಆಫೀಸಿನದಕ್ಕೆ ಮತ್ತೆ ಕೊಟ್ಟೆ. ಮತ್ತೆ ಕಿತ್ತಿತು. ಸೆಟ್ಟಿಂಗ್ ತೆರೆದು ನೋಡಿದರೆ ನಮ್ಮ ಪ್ರಶ್ನೆಗಳೆಲ್ಲ ಹೋಗುತ್ತಿದ್ದದ್ದು ನಾನು ಕೇಳಿಯೇ ಇರದ ಒಂದು ಇಂಟರ್ನೆಟ್ ವಿಳಾಸಕ್ಕೆ. ಮೂಲೆಯ ಹೆಸರು ಯಾರೋ ಕೈಯಾರೆ ಟೈಪ್ ಮಾಡಿದ್ದು. ಅದನ್ನು ಅಳಿಸಿ ನಮ್ಮ ಅಜ್ಜಿಯ ಹೆಸರು ಹಾಕಿದೆ. ಪರದೆಯ ಮೂಲೆಯಲ್ಲಿ 'ದೇವಕ್ಕ' ಎಂದು ಬಂತು. ನಗಬೇಕೋ ಕಿರುಚಬೇಕೋ ತಿಳಿಯಲಿಲ್ಲ.

ಅಷ್ಟರಲ್ಲಿ ಸುಹಾಸಣ್ಣ ಬಂದ. ಪರದೆ ನೋಡಿದವನ ಮುಖ ಬಿಳಿಚಿತು.

"ಇದೆಂತದು ಸುಹಾಸಣ್ಣ?" ನಮ್ಮ ಮನೆಮಾತಿನಲ್ಲೇ ಕೇಳಿದೆ.

"ಒಬ್ಬ ಏಜೆಂಟ್ ದೊಡ್ಡ ಮಾಡೆಲನ್ನ ಅರ್ಧ ರೇಟಿಗೆ ಕೊಡ್ತೆ ಹೇಳ್ದ. ಅದೇ ಮಾಡೆಲ್ ಹೇಳೇ ಕೊಟ್ಟಿದ್ದು."

"ಅರ್ಧ ರೇಟಿಗೆ ಅದೇ ಸಿಗ್ತು ಹೇಳಿ ನಂಬಿದ್ಯ?"

ಅವನು ಕಿಟಕಿಯ ಕಡೆ ತಿರುಗಿದ. "ಒಂದ್ಸಲ ಕೇಳಿದ್ದೆ. ಅಂವ ಸರಿಯಾಗಿ ಹೇಳಿದ್ನಿಲ್ಲೆ."

ಮತ್ತೆ ಕೇಳಲಿಲ್ಲ. ಕೇಳಿದ್ದರೆ ಗೊತ್ತಾಗಿಬಿಡುತ್ತಿತ್ತಲ್ಲ! ಆದರೆ ನಾನು ನಿಜವಾಗಿ ದಂಗಾದದ್ದು ಅವನ ಮುಂದಿನ ಮಾತಿಗೆ. ನನ್ನ ಹತ್ತಿರ ಬಾಗಿ, ಪಿಸುದನಿಯಲ್ಲಿ, "ಇದು ಇಲ್ಲೇ ಇರ್ಲಿ. ಡ್ರೈವರಂದೇ ತಪ್ಪು ಹೇಳಿ ಹೇಂಗೂ ಆಯ್ದು. ಸುಮ್ನಿರು, ಯಾರಿಗೂ ಗೊತ್ತಾಗ್ತಿಲ್ಲೆ," ಎಂದ.

ಡ್ರೈವರ್ ಎಂದ. ಆ ಡ್ರೈವರನ ತಂಗಿ ಪಕ್ಕದ ಕುರ್ಚಿಯಲ್ಲೇ ಕೂತಿದ್ದಳು. ನಮ್ಮ ಮನೆಮಾತು ಅವಳಿಗೆ ತಿಳಿಯುವುದಿಲ್ಲ ಎಂದುಕೊಂಡನೋ ಏನೋ. ವರ್ಷದಿಂದ ನಮ್ಮಿಬ್ಬರ ಜಗಳವನ್ನೆಲ್ಲ ಕೇಳಿಕೊಂಡೇ ಕೆಲಸ ಮಾಡಿದವಳು ಅವಳು.

"ನಿಂಗೆ ಮಾನ ಇದ್ದಾ ಸುಹಾಸಣ್ಣ?" ನನ್ನ ದನಿ ಕೆಳಗಿನ ಬೇಕರಿಗೂ ಕೇಳಿಸಿರಬೇಕು.

ಸಾಮಿಯಾ ಅಬ್ಬಾನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು. ಅಪ್ಪ ಮಗಳ ಮಾತು ಯಾವಾಗಲೂ ಉರ್ದುವಿನಲ್ಲಿ. ಇವತ್ತು ಸುಹಾಸಣ್ಣನನ್ನೇ ನೋಡುತ್ತ ಕನ್ನಡದಲ್ಲಿ ಮಾತಾಡಿದಳು.

"ಅಬ್ಬಾ, ಮೊದಲು ರಸ್ತೆ ಮೇಲಿರೋ ಲಾರಿ ಎಲ್ಲ ನಿಲ್ಲಿಸಿ. ಆ ಹಸಿರನ್ನ ನಂಬಬೇಡಿ, ಅದು ಎಲ್ಲರಿಗೂ ಬರ್ತಿದೆ. ನಾವು ದೊಡ್ಡದರ ಹೆಸರು ಹೇಳಿ, ದೊಡ್ಡದರ ದುಡ್ಡು ತಗೊಂಡು, ಅಗ್ಗದ್ದರಲ್ಲಿ ಬರೆಸಿದೀವಿ. ಫೈಜಲ್ ಗುಂಡಿ ಒತ್ತಿಲ್ಲ."

ಆ ಕಡೆ ಆಸ್ಪತ್ರೆಯ ಗದ್ದಲ.

"ಒತ್ತಿಲ್ವಾ?"

"ಇಲ್ಲ ಅಬ್ಬಾ. ನೀವು ಕಳಿಸಿದ್ರಿ ಅಂತ ಹೋದ. ನಿದ್ದೆಗಣ್ಣಲ್ಲೇ ಹೋದ."

ಕುರ್ಚಿ ಸರಿದ ಸದ್ದು. ಬಾಗಿಲು ತೆರೆದ ಸದ್ದು. "ಬೇಟಾ," ಎಂದರು ಗನಿ ಸಾಹೇಬರು. ಆಮೇಲೆ ಆ ಗಟ್ಟಿ ಮನುಷ್ಯ ಅಳುವುದು ನಮ್ಮ ಮೇಜಿನ ಮೇಲೆ ಕೇಳತೊಡಗಿತು.

ಸುಹಾಸಣ್ಣ ಫೋನ್ ಕಟ್ ಮಾಡಲು ಕೈ ಚಾಚಿದ. ನಾನು ಅವನ ಮಣಿಕಟ್ಟು ಹಿಡಿದೆ.

"ಕೇಳು," ಎಂದೆ.