ಎಡೆಗಿಟ್ಟ ಚೀಸ್

ಹನೋಯಿಯ ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಡೆನ್ಮಾರ್ಕಿನ ಹೆನ್ರಿಕ್, ಹೊಸವರ್ಷದ ಟೆಟ್ ಹಬ್ಬದ ಬೆಳಿಗ್ಗೆ ಹೊಸ ಅಂಗಿ ತೊಟ್ಟು ಬಂದು, ತನ್ನೂರಿನ ಚೀಸನ್ನು ನಮ್ಮ ಹಿರಿಯರ ಪಟಗಳ ಮುಂದೆ ಎಡೆಯಿಟ್ಟು ಕೈಮುಗಿದ. ಅದರ ತುಂಬ ನೀಲಿ ಬೂಷ್ಟು. ತೊಳೆಯದ ಕಾಲುಚೀಲದಂಥ ನಾತ ಊದುಬತ್ತಿಯನ್ನೂ ಮೀರಿ ಮನೆಯೆಲ್ಲ ಹರಡಿತು.

ಅತ್ತೆ ಮೂಗು ಮುಚ್ಚಿಕೊಂಡು ನನ್ನ ಕಿವಿಯಲ್ಲಿ, "ಥೂ, ಕೊಳೆತ ಹಾಲು ಕಣೇ! ನಿಮ್ಮ ಮಾವ ಪಟದಿಂದಲೇ ಎದ್ದು ಓಡ್ತಾರೆ," ಎಂದರು.

"ಎಸೆದುಬಿಡ್ಲಾ ಅತ್ತೆ?"

"ಎಡೆಗಿಟ್ಟಿದ್ದನ್ನ ಎಸೀತಾರೇನೇ? ವರ್ಷವಿಡೀ ದರಿದ್ರ. ತಿನ್ನಲೇಬೇಕು."

ಊದುಬತ್ತಿ ಉರಿದು ಮುಗಿದ ಮೇಲೆ ಅತ್ತೆ ಒಂದು ಚೂರನ್ನು ಅಗಿಯದೆ ನುಂಗಿದರು. ನನ್ನ ಬಾಯಿಗೂ ತುರುಕಿದರು.

ಅತ್ತೆಯ ಕಣ್ಣಲ್ಲಿ ನೀರು ಕಂಡು ಹೆನ್ರಿಕ್ ಕರಗಿಹೋದ. "ಅಷ್ಟು ಇಷ್ಟ ಆಯ್ತಾ ಅಜ್ಜಿ?" ಎನ್ನುತ್ತ ಇನ್ನೂ ದೊಡ್ಡ ತುಂಡು ಕೊಯ್ದ.

ಹಬ್ಬದ ದಿನ ಯಾರನ್ನೂ ನೋಯಿಸುವಂತಿಲ್ಲ. ಅತ್ತೆ ಕಣ್ಣುಮುಚ್ಚಿ ಬಾಯಿ ತೆರೆದರು.